ಬೊಲಿಂಜರ್ ಶಾಂಪೇನ್ ಮನೆತನ ಪಾಲಾಗದೆ ಉಳಿದದ್ದು ಹೇಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತಾತ ಮಾಡಿದ ಕಾಫಿ ತೋಟವಿದೆ. ಅಪ್ಪ, ಚಿಕ್ಕಪ್ಪಂದಿರ ಕಾಲ ಒಟ್ಟಿಗೇ ನಡೆದುಹೋಯಿತು. ಈಗ ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಒಂಬತ್ತು ಜನ ಇದ್ದೇವೆ, ಪಾಲಿನ ಮಾತು ಶುರುವಾಗಿದೆ. ಫ್ರಾನ್ಸಿನ ಶಾಂಪೇನ್ ತೋಟಗಳು ಹತ್ತಿರ ಹತ್ತಿರ ಇನ್ನೂರು ವರ್ಷ ಒಂದೇ ಮನೆತನದ ಕೈಯಲ್ಲಿವೆ ಎಂದು ಓದಿದೆ. ಅಲ್ಲಿ ಎಲ್ಲವೂ ಹಿರಿಮಗನಿಗೆ ಹೋಗುತ್ತದೆಯೇ? ಅಂಥ ಒಂದು ಮನೆತನದ ಇತಿಹಾಸವನ್ನು ತಲೆಮಾರು ತಲೆಮಾರಾಗಿ ವಿವರಿಸುತ್ತೀರಾ?

ಉತ್ತರ: ಹಿರಿಮಗನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಅರ್ಥವಾಗಲು ಅದು ಬೇಕು. ಇಲ್ಲ, ಫ್ರಾನ್ಸಿನಲ್ಲಿ ಹಿರಿಮಗನಿಗೆ ಎಲ್ಲವೂ ಹೋಗುವುದಿಲ್ಲ. ಕ್ರಾಂತಿಯ ನಂತರ, 1804ರಲ್ಲಿ ನೆಪೋಲಿಯನ್ ಜಾರಿಗೆ ತಂದ ನಾಗರಿಕ ಸಂಹಿತೆಯ ಪ್ರಕಾರ ಗಂಡಾಗಲಿ ಹೆಣ್ಣಾಗಲಿ ಮಕ್ಕಳೆಲ್ಲರಿಗೂ ಸಮಪಾಲು. ತಂದೆ ತನ್ನ ಇಷ್ಟದಂತೆ ಉಯಿಲು ಬರೆಯಬಹುದಾದ ಭಾಗ ಬಹಳ ಸಣ್ಣದು: ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೇ ಒಂದು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕನೇ ಒಂದು. ಅಂದರೆ ಪಾಲಿನ ಕಾಟ ನಮ್ಮಲ್ಲಿರುವಷ್ಟೇ ಅಲ್ಲಿಯೂ ಇದೆ. ಬರ್ಗಂಡಿ ಪ್ರಾಂತ್ಯಕ್ಕೆ ಹೋದರೆ ಅದು ಕಣ್ಣಿಗೇ ಕಾಣುತ್ತದೆ. ಅಲ್ಲಿನ ಕ್ಲೋ ದ ವೂಜೋ ಎಂಬ ದ್ರಾಕ್ಷಿ ತೋಟ ಸುತ್ತ ಕಲ್ಲಿನ ಗೋಡೆಯಿರುವ 50 ಹೆಕ್ಟೇರು ನೆಲ, ಒಂದು ಕಾಲಕ್ಕೆ ಕ್ರೈಸ್ತ ಸನ್ಯಾಸಿಗಳ ಒಂದೇ ಮಠದ್ದು. ಈಗ ಅದಕ್ಕೆ ಸುಮಾರು 80 ಜನ ಒಡೆಯರು. ಕೆಲವರಿಗೆ ಇರುವುದು ಬಳ್ಳಿಯ ಒಂದೆರಡು ಸಾಲು ಮಾತ್ರ.

ಹಾಗಿದ್ದ ಮೇಲೆ ಶಾಂಪೇನ್ ಮನೆತನಗಳಲ್ಲಿ ಕೆಲವು ಒಡೆಯದೆ ಉಳಿದದ್ದು ಕಾನೂನಿನ ಕೃಪೆಯಿಂದ ಅಲ್ಲ. ಏನಿಂದ ಎಂಬುದಕ್ಕೆ ಬೊಲಿಂಜರ್ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅಪ್ಪನಿಂದ ಮಗನಿಗೆ ನೇರವಾಗಿ ಇಳಿದು ಬಂದ ಮನೆತನ ಅದಲ್ಲ. ವಂಶದ ಎಳೆ ಅಲ್ಲಿ ಮತ್ತೆ ಮತ್ತೆ ತುಂಡಾಗಿದೆ. ಅಳಿಯ, ವಿಧವೆ, ಸೋದರಳಿಯಂದಿರು, ಹೆಣ್ಣುಮಕ್ಕಳ ಕಡೆಯವರು, ಕಡೆಗೆ ಹೊರಗಿನವರು ಕೂಡ ಯಜಮಾನಿಕೆ ವಹಿಸಿದ್ದಾರೆ. ಒಡೆಯದೆ ಉಳಿದದ್ದು ನೆಲ ಮತ್ತು ನೆಲಮಾಳಿಗೆ.

ಊರು ಆಯಿ. ಪ್ಯಾರಿಸ್ಸಿನ ಪೂರ್ವಕ್ಕೆ, ಮಾರ್ನ್ ನದಿಯ ದಡದಲ್ಲಿ, ಎಪರ್ನೆ ಪಟ್ಟಣದ ಎದುರಿಗಿದೆ. ಊರ ಹಿಂದೆಯೇ ದಕ್ಷಿಣಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಇಳಿಜಾರು, ಅದರ ತುಂಬ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುವುದು ಈ ಬಿಳಿಯ ಸುಣ್ಣಕಲ್ಲೇ. ಸುಲಭವಾಗಿ ಕೊರೆಯಲು ಬರುವುದರಿಂದ ವರ್ಷವಿಡೀ ತಂಪಾಗಿರುವ ಮೈಲುಗಟ್ಟಲೆ ನೆಲಮಾಳಿಗೆಗಳು ಆದದ್ದೂ ಅದರಲ್ಲೇ. ಹದಿನೆಂಟನೆಯ ಶತಮಾನದಲ್ಲಿ ವಿಲೆರ್ಮಾಂ ಎಂಬ ಕುಲೀನ ಮನೆತನಕ್ಕೆ ಇಲ್ಲಿ ತೋಟವಿತ್ತು. ಆ ಮನೆಯ ಅತಾನಾಸ್ ದ ವಿಲೆರ್ಮಾಂ ನೌಕಾಪಡೆಯ ಅಧಿಕಾರಿ. ಆಯಿ ಊರಿನ ನೆಲದಿಂದ ಒಳ್ಳೆಯ ಶಾಂಪೇನ್ ಹುಟ್ಟಬಲ್ಲದು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಶ್ರೀಮಂತ ವಂಶದವನು ವ್ಯಾಪಾರದ ಹಲಗೆಯ ಮೇಲೆ ತನ್ನ ಹೆಸರು ಬರೆಸುವುದು ಆ ಕಾಲದ ಮರ್ಯಾದೆಗೆ ಒಗ್ಗುತ್ತಿರಲಿಲ್ಲ.

ಆಗ ಸಿಕ್ಕವನು ಜೋಸೆಫ್ ಬೊಲಿಂಜರ್. 1803ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಎಲ್‌ವಾಂಗೆನ್ ಊರಿನಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು 1822ರಲ್ಲಿ ಶಾಂಪೇನ್ ಸೀಮೆಗೆ ಬಂದ ತರುಣ. ಮಾರಾಟಗಾರನಾಗಿ ಪಳಗಿದವನು. ಮೂರನೆಯವನು ಪಾಲ್ ರೆನೋದಾಂ, ನೆಲಮಾಳಿಗೆಯ ಕೆಲಸ ಬಲ್ಲವನು. 1829ರ ಫೆಬ್ರವರಿ 6ರಂದು ಮೂವರೂ ಸೇರಿ ಸಂಸ್ಥೆ ಕಟ್ಟಿದರು. ಒಬ್ಬನ ನೆಲ, ಒಬ್ಬನ ಕೈಚಳಕ, ಒಬ್ಬನ ಮಾರಾಟ. ಹೆಸರು ‘ರೆನೋದಾಂ ಬೊಲಿಂಜರ್’. ನೆಲ ಕೊಟ್ಟವನ ಹೆಸರು ಎಲ್ಲೂ ಇರಲಿಲ್ಲ.

1837ರಲ್ಲಿ ಜೋಸೆಫ್ ವಿಲೆರ್ಮಾಂನ ಮಗಳು ಲೂಯಿಸ್ ಶಾರ್ಲೊಟ್‌ಳನ್ನು ಮದುವೆಯಾದ. ಹೆಸರಿನ ಒಡೆಯನೂ ನೆಲದ ಒಡೆಯನೂ ಒಂದೇ ಮನೆಯವರಾದದ್ದು ಆ ಮದುವೆಯಿಂದ. ಇಂದು ನಾವು ಬೊಲಿಂಜರ್ ಮನೆತನ ಎನ್ನುತ್ತೇವೆ, ಆದರೆ ಅದರ ತೋಟ ಬಂದದ್ದು ಹೆಣ್ಣಿನ ಕಡೆಯಿಂದ. 1854ರಲ್ಲಿ ಜೋಸೆಫ್ ಫ್ರೆಂಚ್ ಪೌರತ್ವ ಪಡೆದು ಜಾಕ್ ಎಂದು ಕರೆಸಿಕೊಂಡ. ರೆನೋದಾಂ ಉತ್ತರಾಧಿಕಾರಿ ಇಲ್ಲದೆ ಸಂಸ್ಥೆಯಿಂದ ಹೊರಬಿದ್ದ. ಹಾಗಿದ್ದೂ ಬಾಟಲಿಯ ಚೀಟಿಯಲ್ಲಿ ಅವನ ಹೆಸರು 1984ರವರೆಗೂ ಉಳಿಯಿತು. ವಾರಸುದಾರರೇ ಇಲ್ಲದ ಪಾಲುದಾರನ ಹೆಸರನ್ನು ನಾಲ್ಕು ತಲೆಮಾರು ಅಳಿಸದೆ ಇಟ್ಟುಕೊಂಡ ಮನೆ ಅದು. ಅವರ ಸ್ವಭಾವ ತಿಳಿಯಲು ನನಗೆ ಈ ಒಂದು ಸಂಗತಿ ಸಾಕೆನ್ನಿಸುತ್ತದೆ.

ಎರಡನೆಯ ತಲೆಮಾರಿನವರಾದ ಅವನ ಮಕ್ಕಳು, ಅಪ್ಪನದೇ ಹೆಸರಿನ ಜೋಸೆಫ್ ಮತ್ತು ಜಾರ್ಜ್, ಸುತ್ತಲಿನ ಹಳ್ಳಿಗಳಲ್ಲಿ ತೋಟಗಳನ್ನು ಕೊಂಡರು. 1884ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಅರಮನೆಗೆ ಶಾಂಪೇನ್ ಒದಗಿಸುವ ಅಧಿಕೃತ ಮಾನ್ಯತೆ ಸಿಕ್ಕಿತು. ಬ್ರಿಟನ್ನಿನಲ್ಲಿ ಈ ಹೆಸರು ಬೇರು ಬಿಟ್ಟದ್ದು ಆಗ. ಇವರು ಗಳಿಸಿದ ಹಣವನ್ನು ನೆಲಕ್ಕೆ ಹಾಕಿದ್ದು ಯಾಕೆ ಮುಖ್ಯ ಎನ್ನುವುದಕ್ಕೆ ಆ ಸೀಮೆಯ ಒಂದು ವಿಚಿತ್ರ ವ್ಯವಸ್ಥೆಯನ್ನು ಹೇಳಬೇಕು. ಇವತ್ತಿಗೂ ಶಾಂಪೇನ್ ಸೀಮೆಯ ಸುಮಾರು 34,000 ಹೆಕ್ಟೇರು ದ್ರಾಕ್ಷಿ ತೋಟದಲ್ಲಿ ಶೇ 90ರಷ್ಟು ಇರುವುದು ಸಾವಿರಾರು ಸಣ್ಣ ರೈತರ ಕೈಯಲ್ಲಿ. ದೊಡ್ಡ ಹೆಸರಿನ ಕಂಪನಿಗಳಿಗೆ ನೆಲ ಕಡಿಮೆ, ಆದರೆ ಮಾರುಕಟ್ಟೆಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬಾಟಲಿ ಅವರವೇ. ಅವರು ರೈತರಿಂದ ದ್ರಾಕ್ಷಿ ಕೊಳ್ಳಬೇಕು. ಬೆಲೆಯ ಜಗಳ ಅಲ್ಲಿಯೇ ಹುಟ್ಟುತ್ತದೆ.

ಆ ಜಗಳ 1911ರಲ್ಲಿ ಆಯಿ ಊರಿನಲ್ಲೇ ಸ್ಫೋಟಿಸಿತು. ಫಿಲಾಕ್ಸೆರಾ ಎಂಬ ಬೇರುತಿನ್ನುವ ಹೇನು ಬಳ್ಳಿಗಳನ್ನು ಕೊಲ್ಲುತ್ತಿತ್ತು, 1910ರ ಫಸಲು ಪೂರ್ತಿ ಕೈಕೊಟ್ಟಿತ್ತು. ಇತ್ತ ಕೆಲವು ಕಂಪನಿಗಳು ಬೇರೆ ಸೀಮೆಗಳಿಂದ ಅಗ್ಗದ ವೈನ್ ತರಿಸಿ ಶಾಂಪೇನ್ ಎಂದು ಮಾರುತ್ತಿದ್ದವು. ಏಪ್ರಿಲ್ 12ರಂದು ಹೊಟ್ಟೆಗಿಲ್ಲದ ರೈತರು ಆಯಿಗೆ ನುಗ್ಗಿದರು. ಪೀಪಾಯಿಗಳು ಒಡೆದು ವೈನ್ ಬೀದಿಯಲ್ಲಿ ಹರಿಯಿತು, ಕಟ್ಟಡಗಳು ಉರಿದವು, ಸೈನ್ಯ ಬಂತು. ಅಯಾಲಾ ಕಂಪನಿಯ ಕಟ್ಟಡ ಸುಟ್ಟುಹೋಯಿತು. ಬೊಲಿಂಜರ್ ಮನೆಗೆ ಬೆಂಕಿ ಬೀಳಲಿಲ್ಲ. ಸ್ವಂತ ತೋಟ ಇಟ್ಟುಕೊಂಡು, ತಮ್ಮ ಹಾಗೆಯೇ ಮಣ್ಣಿನ ಕಷ್ಟಸುಖ ಉಂಡ ಮನೆಯನ್ನು ರೈತರು ಬೇರೆ ಕಣ್ಣಿನಿಂದ ನೋಡಿದರು ಎಂದೇ ನಾನು ತಿಳಿಯುತ್ತೇನೆ. ಅಂದ ಹಾಗೆ, ಅಂದು ಸುಟ್ಟು ಮತ್ತೆ ಎದ್ದ ಅಯಾಲಾವನ್ನು 2005ರಲ್ಲಿ ಕೊಂಡದ್ದು ಇದೇ ಬೊಲಿಂಜರ್ ಕುಟುಂಬ.

ಮೂರನೆಯ ತಲೆಮಾರಿಗೆ ಬಂದರೆ, ಜಾರ್ಜ್‌ನ ಮಗ ಜಾಕ್ ಯಜಮಾನಿಕೆ ವಹಿಸಿದ್ದು 1918ರಲ್ಲಿ, ಇಪ್ಪತ್ನಾಲ್ಕರ ಹರೆಯದಲ್ಲಿ. ರಷ್ಯಾದ ಮಾರುಕಟ್ಟೆ ಕ್ರಾಂತಿಯಲ್ಲಿ ಕೊಚ್ಚಿಹೋಗಿತ್ತು. 1920ರಿಂದ ಅಮೆರಿಕದಲ್ಲಿ ಪಾನನಿಷೇಧ, ಆಮೇಲೆ ಆರ್ಥಿಕ ಕುಸಿತ. ಅಂಥ ಕಾಲದಲ್ಲೂ ಅವನು ತೊಝಿಯೇರ್ ಹಳ್ಳಿಯ ತೋಟ ಕೊಂಡ, ಹೊಸ ನೆಲಮಾಳಿಗೆ ತೋಡಿಸಿದ. 1923ರಲ್ಲಿ ಎಲಿಜಬೆತ್ ಲಾ ದ ಲಾರಿಸ್ಟನ್ ಎಂಬುವರನ್ನು ಮದುವೆಯಾದ. ಎಲ್ಲರೂ ಕರೆಯುತ್ತಿದ್ದ ಹೆಸರು ಲಿಲಿ.

ಲಿಲಿಯ ತವರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಲಾ ಕುಟುಂಬ ಸ್ಕಾಟ್ಲೆಂಡ್ ಮೂಲದ್ದು. ಹದಿನೆಂಟನೆಯ ಶತಮಾನದಲ್ಲಿ ಆ ಮನೆತನದ ಜಾನ್ ಲಾ ಎಂಬ ಹಣಕಾಸು ಪಂಡಿತ ಫ್ರಾನ್ಸಿನ ಖಜಾನೆಯನ್ನೇ ಅಲುಗಾಡಿಸಿದ್ದ. ಅವನ ತಮ್ಮನ ಮಗ ಜಾನ್ ಲಾ ದ ಲಾರಿಸ್ಟನ್ ಮುಂದೆ ಪಾಂಡಿಚೇರಿಯ ಗವರ್ನರ್ ಆದ. ಆ ತಮ್ಮನ ಇನ್ನೊಬ್ಬ ಮಗ ಜಾಕ್ ಲಾ ಫ್ರೆಂಚ್ ಸೈನ್ಯದೊಂದಿಗೆ ತಿರುಚಿನಾಪಳ್ಳಿಯ ಮುತ್ತಿಗೆಗೆ ಬಂದು, 1752ರ ಜೂನ್‌ನಲ್ಲಿ ಶ್ರೀರಂಗಂ ದ್ವೀಪದಲ್ಲಿ ಶರಣಾದ. ಎದುರು ಪಾಳೆಯದಲ್ಲಿ ಇಂಗ್ಲಿಷರ ಜೊತೆ ನಿಂತಿದ್ದವರಲ್ಲಿ ನಮ್ಮ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಸೈನ್ಯವೂ ಇತ್ತು.

1941ರಲ್ಲಿ ಲಿಲಿಯ ಗಂಡ ಜಾಕ್ ತೀರಿಕೊಂಡ. ಮಕ್ಕಳಿರಲಿಲ್ಲ. ಲಿಲಿಗೆ ಆಗ ನಲವತ್ತೆರಡು. ಊರು ಜರ್ಮನರ ವಶದಲ್ಲಿತ್ತು. ಜರ್ಮನ್ ಆಡಳಿತ ಇಡೀ ಶಾಂಪೇನ್ ಸೀಮೆಯಿಂದ ವಾರಕ್ಕೆ ಮೂರು ನಾಲ್ಕು ಲಕ್ಷ ಬಾಟಲಿ ಕೇಳುತ್ತಿತ್ತು. ಅದಕ್ಕೆ ಒಟ್ಟಾಗಿ ಉತ್ತರ ಕೊಡಲೆಂದೇ ರೈತರೂ ಕಂಪನಿಗಳೂ ಸೇರಿದ ಶಾಂಪೇನ್ ಸಮಿತಿ ಆ ವರ್ಷದ ಏಪ್ರಿಲ್‌ನಲ್ಲಿ ಹುಟ್ಟಿತು, ಈಗಲೂ ಇದೆ. ಕೆಲಸಗಾರರಲ್ಲಿ ಬಹಳ ಜನ ಇಲ್ಲ, ಪೆಟ್ರೋಲ್ ಇಲ್ಲ. ಲಿಲಿ ಸೈಕಲ್ ಹತ್ತಿ ತೋಟದಿಂದ ತೋಟಕ್ಕೆ ಹೋದರು. 1944ರ ಆಗಸ್ಟ್‌ನಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಆಯಿ ಊರಿನ ಮೇಲೂ ಬಿದ್ದವು. ಸೈಕಲ್ ಮೇಲೆ ಬಳ್ಳಿಗಳ ನಡುವೆ ಹೋಗುತ್ತಿರುವ ಅವರ ಫೋಟೊ ಜಗತ್ಪ್ರಸಿದ್ಧ. ಯುದ್ಧ ಮುಗಿದು ಪೆಟ್ರೋಲ್ ಬಂದ ಮೇಲೂ ಅವರು ಸೈಕಲ್ ಬಿಡಲಿಲ್ಲ.

ಲಿಲಿ ಎಂದೊಡನೆ ಜನ ನೆನೆಯುವುದು, ಶಾಂಪೇನ್ ಯಾವಾಗ ಕುಡಿಯುತ್ತೀರಿ ಎಂದು 1961ರಲ್ಲಿ ಲಂಡನ್ನಿನ ಪತ್ರಕರ್ತರು ಕೇಳಿದಾಗ ಅವರು ಕೊಟ್ಟ ಚಂದದ ಉತ್ತರವನ್ನು. ಆ ಮಾತು ಜಾಹೀರಾತುಗಳಲ್ಲಿ ಸವೆದುಹೋಗಿದೆ. ನನಗೆ ಅವರು ದೊಡ್ಡವರಾಗಿ ಕಾಣುವುದು ಬೇರೆ ಎರಡು ತೀರ್ಮಾನಗಳಿಂದ, ಎರಡೂ ಸರಿಸುಮಾರು ಎಪ್ಪತ್ತರ ವಯಸ್ಸಿನಲ್ಲಿ ಮಾಡಿದವು.

ಮೊದಲನೆಯದು ತಿಳಿಯಲು ಶಾಂಪೇನ್ ಆಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೊಯ್ದ ದ್ರಾಕ್ಷಿಯನ್ನು 4,000 ಕಿಲೋ ಲೆಕ್ಕದಲ್ಲಿ ಗಾಣಕ್ಕೆ ಹಾಕಿ ಮೆಲ್ಲಗೆ ಹಿಂಡುತ್ತಾರೆ. ಅಷ್ಟರಿಂದ ತೆಗೆಯಲು ಅನುಮತಿ ಇರುವುದು 2,550 ಲೀಟರ್ ರಸ ಮಾತ್ರ. ಅದು ಹುದುಗಿ ಸಾಧಾರಣ ವೈನ್ ಆಗುತ್ತದೆ. ವಸಂತದಲ್ಲಿ ಬೇರೆ ಬೇರೆ ಹಳ್ಳಿಗಳ, ಬೇರೆ ಬೇರೆ ವರ್ಷಗಳ ವೈನುಗಳನ್ನು ರುಚಿ ನೋಡಿ ಬೆರೆಸುತ್ತಾರೆ. ಬೆರೆಸಿದ್ದಕ್ಕೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲಿ ಮುಚ್ಚಿದರೆ ಒಳಗೆ ಎರಡನೇ ಸಲ ಹುದುಗುತ್ತದೆ. ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗಿ ಸುಮಾರು ಆರು ಪಟ್ಟು ವಾಯುಒತ್ತಡ ಏರುತ್ತದೆ. ಗುಳ್ಳೆ ಬರುವುದು ಇದರಿಂದ. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದರ ಜೊತೆ ವೈನ್ ಇದ್ದಷ್ಟೂ ದಿನ ಅದಕ್ಕೆ ಹೊಸದಾಗಿ ಬೇಯಿಸಿದ ಬ್ರೆಡ್ಡಿನ, ಬೀಜಗಳ ಪರಿಮಳ ಸೇರುತ್ತ ಹೋಗುತ್ತದೆ, ಜೊತೆಗೆ ಗಾಳಿಯಿಂದ ಕೆಡದಂತೆ ರಕ್ಷಣೆಯೂ ಸಿಗುತ್ತದೆ. ಕೊನೆಗೆ ಬಾಟಲಿಯನ್ನು ತಲೆಕೆಳಗಾಗಿಸಿ, ಗಸಿಯನ್ನು ಕತ್ತಿಗೆ ಇಳಿಸಿ, ಹೊರಗೆ ಚಿಮ್ಮಿಸಿ, ಬಿರಡೆ ಹಾಕುತ್ತಾರೆ. ಕಾನೂನಿನ ಪ್ರಕಾರ ಸಾಮಾನ್ಯ ಶಾಂಪೇನ್ 15 ತಿಂಗಳು, ಒಂದೇ ವರ್ಷದ ಫಸಲಿನ ಶಾಂಪೇನ್ ಮೂರು ವರ್ಷ ನೆಲಮಾಳಿಗೆಯಲ್ಲಿ ಇದ್ದರೆ ಸಾಕು.

ಅರವತ್ತರ ದಶಕದಲ್ಲಿ ಪೈಪೋಟಿಯ ಕಂಪನಿಗಳು ವಿಶೇಷ ಆಕಾರದ ಬಾಟಲಿಗಳಲ್ಲಿ ದುಬಾರಿ ಶಾಂಪೇನ್ ಬಿಡುತ್ತಿದ್ದವು. ಲಿಲಿ ಆ ದಾರಿ ಹಿಡಿಯಲಿಲ್ಲ. 1952ರ ಫಸಲಿನ ಬಾಟಲಿಗಳು ಗಸಿಯ ಜೊತೆ ಹಾಗೆಯೇ ಮಲಗಿದ್ದವು. ಅವನ್ನು 1967ರಲ್ಲಿ, ಮಾರುಕಟ್ಟೆಗೆ ಕಳಿಸುವ ಸ್ವಲ್ಪ ಮುಂಚೆ ಗಸಿ ತೆಗೆದು, ‘ಆರ್.ಡಿ.’ ಎಂಬ ಹೆಸರಿನಲ್ಲಿ ಬಿಟ್ಟರು. ಈಚೆಗೆ ಗಸಿ ತೆಗೆದದ್ದು ಎಂಬುದಷ್ಟೇ ಅದರ ಅರ್ಥ. ಹೊಸ ತೋಟವಿಲ್ಲ, ಹೊಸ ಯಂತ್ರವಿಲ್ಲ. ಹದಿನೈದು ವರ್ಷ ಮಾರದೆ ಇಟ್ಟುಕೊಂಡದ್ದೇ ಬಂಡವಾಳ. ಮುಂದಿನ ತ್ರೈಮಾಸಿಕದ ಲೆಕ್ಕ ಕೇಳುವ ಷೇರುದಾರರಿದ್ದರೆ ಇದು ಆಗುವ ಮಾತಲ್ಲ.

ಎರಡನೆಯ ತೀರ್ಮಾನ 1969ರದು. ಫಿಲಾಕ್ಸೆರಾ ಬಂದ ಮೇಲೆ ಯುರೋಪಿನ ಹೆಚ್ಚುಕಡಿಮೆ ಎಲ್ಲ ದ್ರಾಕ್ಷಿಯನ್ನೂ ಆ ಹೇನು ತಡೆಯಬಲ್ಲ ಅಮೆರಿಕನ್ ಬೇರಿನ ಮೇಲೆ ಕಸಿ ಕಟ್ಟಿ ನೆಡಬೇಕಾಯಿತು. ಆದರೆ ಬೊಲಿಂಜರ್ ಕುಟುಂಬದ ಕೆಲವು ತುಂಡು ನೆಲಗಳನ್ನು ಹೇನು ಯಾಕೋ ಮುಟ್ಟಲೇ ಇಲ್ಲ. ಆಯಿಯಲ್ಲಿ ಎರಡು ತುಂಡು, ಬೂಜಿ ಹಳ್ಳಿಯಲ್ಲಿ ಒಂದು. ಅಲ್ಲಿ ಸಾಲು ಎಂಬುದಿಲ್ಲ. ಹಳೆಯ ಬಳ್ಳಿಯನ್ನು ಬಗ್ಗಿಸಿ ಮಣ್ಣಿಗೆ ಊರಿ, ಅದು ಬೇರು ಬಿಟ್ಟ ಕಡೆ ಹೊಸ ಬಳ್ಳಿ ಎಬ್ಬಿಸುತ್ತ ಹೋಗುವ ಪುರಾತನ ಪದ್ಧತಿ. ಬಳ್ಳಿಗಳು ಜಾತ್ರೆಯ ಜನದ ಹಾಗೆ ಒತ್ತಾಗಿ ನಿಂತಿರುವುದರಿಂದ ಟ್ರ್ಯಾಕ್ಟರ್ ಹೋಗುವುದಿಲ್ಲ, ಎಲ್ಲವೂ ಕೈಗೆಲಸ, ಉಳಲು ಕುದುರೆ. ಲೆಕ್ಕ ನೋಡುವವರಾದರೆ ಕಿತ್ತು ಹೊಸದಾಗಿ ನೆಡಿ ಎನ್ನುತ್ತಿದ್ದರು. ಲಿಲಿ ಅವುಗಳ ದ್ರಾಕ್ಷಿಯನ್ನು ಬೇರೆಯಾಗಿಯೇ ಇಟ್ಟು, ಬೇರೆಯಾಗಿಯೇ ಶಾಂಪೇನ್ ಮಾಡಿಸಿದರು. ಹಳೆಯ ಫ್ರೆಂಚ್ ಬಳ್ಳಿಗಳ ಶಾಂಪೇನ್ ಎಂದು ಅದಕ್ಕೆ ಹೆಸರು. ಒಳ್ಳೆಯ ವರ್ಷಗಳಲ್ಲಿ ಮಾತ್ರ, ಕೆಲವೇ ಸಾವಿರ ಬಾಟಲಿ. ಬೂಜಿಯ ತುಂಡು ಈ ಶತಮಾನದ ಮೊದಲ ದಶಕದಲ್ಲಿ ಕೊನೆಗೂ ಹೇನಿಗೆ ಬಲಿಯಾಯಿತು. ಆಯಿಯ ಎರಡು ಉಳಿದಿವೆ, ಎರಡೂ ಸೇರಿದರೆ ಒಂದು ಎಕರೆಯೂ ಆಗುವುದಿಲ್ಲ.

ಬೂಜಿ ಕನ್ನಡ ನಾಡಿಗೆ ತೀರ ಸಂಬಂಧವಿಲ್ಲದ ಹಳ್ಳಿಯೂ ಅಲ್ಲ. ಅಲ್ಲಿ ಮೇಯರ್ ಆಗಿದ್ದ, ಸ್ವತಃ ಶಾಂಪೇನ್ ತಯಾರಕರಾಗಿದ್ದ ಜಾರ್ಜ್ ವೆಸೆಲ್ ಅವರೇ ಕನ್ವಲ್ ಗ್ರೋವರ್ ಅವರ ಜೊತೆಗೂಡಿ ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ, ಫ್ರೆಂಚ್ ತಳಿಯ ದ್ರಾಕ್ಷಿ ನೆಡಲು ಮಾರ್ಗದರ್ಶನ ಮಾಡಿದವರು. ಕರ್ನಾಟಕದ ವೈನ್ ಉದ್ಯಮದ ಒಂದು ಬೇರು ಅಲ್ಲಿದೆ.

1971ರಲ್ಲಿ ಲಿಲಿ ಯಜಮಾನಿಕೆ ಬಿಟ್ಟರು, 1977ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಮಾರಾಟ ಇಮ್ಮಡಿಯಾಗಿ ವರ್ಷಕ್ಕೆ 10 ಲಕ್ಷ ಬಾಟಲಿಯ ಮಟ್ಟ ಮುಟ್ಟಿತ್ತು. ಶಾಂಪೇನ್ ಇತಿಹಾಸದಲ್ಲಿ ಹೀಗೆ ಮನೆ ನಿಲ್ಲಿಸಿದ ವಿಧವೆಯರು ಇನ್ನೂ ಇದ್ದಾರೆ: 1805ರಲ್ಲಿ ಗಂಡನನ್ನು ಕಳೆದುಕೊಂಡ ಕ್ಲಿಕೋ, 1858ರಲ್ಲಿ ಪೊಮ್ಮೆರಿ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ವ್ಯವಹಾರ ಮಾಡುವಂತಿರಲಿಲ್ಲ. ವಿಧವೆಗೆ ಮಾತ್ರ ಆ ಸ್ವಾತಂತ್ರ್ಯವಿತ್ತು. ಆ ಹೆಣ್ಣುಮಕ್ಕಳ ಕಸುವು ಗಂಡ ಸತ್ತ ಮೇಲೆ ಹುಟ್ಟಿದ್ದಲ್ಲ, ಆಮೇಲೆ ಕಾಣಿಸಲು ದಾರಿ ಸಿಕ್ಕಿತು, ಅಷ್ಟೇ.

ಲಿಲಿಯ ನಂತರ ಬಂದವರು ಸೋದರಳಿಯಂದಿರು. ಮೊದಲು ಕ್ಲೋದ್ ದೋತ್‌ಫಯ್, 1978ರಿಂದ ಕ್ರಿಸ್ತಿಯಾಂ ಬಿಜೋ. ಇಬ್ಬರೂ ಲಿಲಿಯ ಕೈಕೆಳಗೆ ಸುಮಾರು ಇಪ್ಪತ್ತು ವರ್ಷ ದುಡಿದ ಮೇಲೆಯೇ ಮೇಲಿನ ಕುರ್ಚಿಗೆ ಬಂದವರು. ಇದನ್ನು ದಯವಿಟ್ಟು ಗಮನಿಸಿ. ಜೇಮ್ಸ್ ಬಾಂಡ್ ಚಿತ್ರಗಳ ಜೊತೆಗಿನ ಹೆಸರುವಾಸಿ ನಂಟು ಬೆಳೆದದ್ದು ಬಿಜೋ ಅವರ ಕಾಲದಲ್ಲಿ, ಆದರೆ ನನ್ನ ಮಟ್ಟಿಗೆ ಅವರ ಮುಖ್ಯ ಕೆಲಸ ಅದಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಶಾಂಪೇನಿನ ಗುಣಮಟ್ಟ ಇಳಿಯುತ್ತಿದೆ ಎಂಬ ದೂರು ಎಲ್ಲೆಡೆ ಇದ್ದಾಗ, ತಮ್ಮ ಮನೆ ದ್ರಾಕ್ಷಿಯನ್ನು ಎಲ್ಲಿಂದ ತರುತ್ತದೆ, ಹೇಗೆ ಹಿಂಡುತ್ತದೆ, ಎಷ್ಟು ವರ್ಷ ಇಡುತ್ತದೆ ಎಂಬುದನ್ನೆಲ್ಲ ಬರೆದು ಪ್ರಕಟಿಸಿದರು. ಮುಂದಿನ ತಲೆಮಾರು ಇಷ್ಟ ಬಂದಂತೆ ಬದಲಿಸದ ಹಾಗೆ ಅದು ಸಾರ್ವಜನಿಕ ವಾಗ್ದಾನವಾಯಿತು.

1994ರಲ್ಲಿ ಬಂದ ಗಿಸ್ಲೇನ್ ದ ಮಾಂಗೋಲ್ಫಿಯೆ ಸ್ಥಾಪಕನ ಮರಿಮಗನ ಸಾಲಿನವರು, ಆದರೆ ಹೆಸರು ಬೊಲಿಂಜರ್ ಅಲ್ಲ. 2008ರಲ್ಲಿ ಜೆರೋಮ್ ಫಿಲಿಪೋನ್ ಬಂದಾಗ ಮೊದಲ ಬಾರಿಗೆ ಕುಟುಂಬದ ಹೊರಗಿನವರೊಬ್ಬರು ಅಧ್ಯಕ್ಷರಾದರು. ಒಡೆತನ ಮಾತ್ರ ಕುಟುಂಬದ್ದೇ. ಸೊಸಿಯೆತೆ ಜಾಕ್ ಬೊಲಿಂಜರ್ ಎಂಬ ಹಿಡುವಳಿ ಕಂಪನಿಯ ಮೂಲಕ ಬಳಗದವರು ಬೊಲಿಂಜರ್, ಅಯಾಲಾ, ಬರ್ಗಂಡಿಯ ಶಾನ್ಸೋಂ ಮೊದಲಾದವನ್ನು ಹಿಡಿದಿದ್ದಾರೆ. ಒಡೆಯರಾಗಿರುವುದಕ್ಕೂ ದಿನದ ಕೆಲಸ ನಡೆಸುವುದಕ್ಕೂ ಒಬ್ಬರೇ ಇರಬೇಕಿಲ್ಲ ಎಂಬ ಮಾತನ್ನು ಅವರು ನಿಜಕ್ಕೂ ಪಾಲಿಸಿದರು. ಒಂಬತ್ತು ಜನರಿರುವ ನಿಮ್ಮ ಮನೆಗೆ ಇದು ಬಹುಶಃ ಎಲ್ಲಕ್ಕಿಂತ ಹತ್ತಿರದ ಸಂಗತಿ.

ಈಗ ನೆಲಮಾಳಿಗೆಯ ಕಡೆಗೆ ಬರುತ್ತೇನೆ. ಇಂದು ಮನೆತನಕ್ಕೆ ಸುಮಾರು 180 ಹೆಕ್ಟೇರು ತೋಟವಿದೆ, ಬೇಕಾದ ದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. ಈ ನೆಲವನ್ನು ಅಳತೆ ಹಾಕಿ ಹತ್ತು ಜನಕ್ಕೆ ಹಂಚಬಹುದು. ಆದರೆ ಆಯಿಯ ಪಾಲು ಬಂದವನಿಗೆ ಬರೀ ಪಿನೋ ನ್ವಾರ್ ಸಿಗುತ್ತದೆ, ಕ್ವಿ ಎಂಬ ಹಳ್ಳಿಯಲ್ಲಿ ಪಾಲು ಬಂದವನಿಗೆ ಬರೀ ಬಿಳಿಯ ಶಾರ್ಡೊನೆ. ಅವರ ಮುಖ್ಯ ಶಾಂಪೇನಿನಲ್ಲಿ ಶೇ 60 ಪಿನೋ ನ್ವಾರ್, ಶೇ 25 ಶಾರ್ಡೊನೆ, ಶೇ 15 ಮ್ಯೂನಿಯೆ ಎಂಬ ಇನ್ನೊಂದು ಕಪ್ಪು ದ್ರಾಕ್ಷಿ. ಒಬ್ಬೊಬ್ಬರ ಪಾಲಿನಿಂದ ಅದು ಹುಟ್ಟುವುದೇ ಇಲ್ಲ. ಇನ್ನು ಪೀಪಾಯಿಗಳು: 3,500ಕ್ಕೂ ಹೆಚ್ಚು ಹಳೆಯ ಓಕ್ ಪೀಪಾಯಿಗಳಿವೆ, ಅವನ್ನು ರಿಪೇರಿ ಮಾಡಲೆಂದೇ ಸಂಬಳದ ಮೇಲೆ ಮನೆಯದೇ ಬಡಗಿ ಇದ್ದಾನೆ. ಶಾಂಪೇನ್ ಸೀಮೆಯ ಬೇರೆ ಕಂಪನಿಗಳು ಬಹಳ ಹಿಂದೆಯೇ ಕೈಬಿಟ್ಟ ಕಸುಬು ಅದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಪಿಟ್ಟ ವೈನ್. ಹಳೆಯ ಕಾಲದ ಮನೆಗಳಲ್ಲಿ ಬರಗಾಲಕ್ಕೆಂದು ಕಣಜದಲ್ಲಿ ಭತ್ತ ಇಡುತ್ತಿದ್ದರಲ್ಲ, ಹಾಗೆ ಒಳ್ಳೆಯ ವರ್ಷಗಳ ವೈನನ್ನು ಕೆಟ್ಟ ವರ್ಷಗಳಿಗೆಂದು ಎತ್ತಿಡುತ್ತಾರೆ. ಬೇರೆಯವರು ಸಾಮಾನ್ಯವಾಗಿ ಇದನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಇಡುತ್ತಾರೆ. ಬೊಲಿಂಜರ್‌ನಲ್ಲಿ ಒಂದೊಂದು ಹಳ್ಳಿಯ, ಒಂದೊಂದು ವರ್ಷದ, ಒಂದೊಂದು ತಳಿಯ ವೈನನ್ನು ಬೇರೆ ಬೇರೆಯಾಗಿ ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿಗಳಲ್ಲಿ ತುಂಬಿ, ನಿಜವಾದ ಬಿರಡೆ ಹಾಕಿ, 5ರಿಂದ 15 ವರ್ಷ ಇಡುತ್ತಾರೆ. ತುಸು ಗುಳ್ಳೆ ಹುಟ್ಟುವಷ್ಟು ಸಕ್ಕರೆ ಹಾಕಿರುತ್ತಾರೆ, ಕೆಡದಿರಲಿ ಎಂದು. ಅಂಥ ಬಾಟಲಿಗಳು ಲಕ್ಷಗಟ್ಟಲೆ ಇವೆ. ಬೆರೆಸುವ ಕಾಲ ಬಂದಾಗ ಒಂದೊಂದನ್ನೂ ಕೈಯಿಂದಲೇ ತೆರೆಯಬೇಕು. ಇಂದು ಎತ್ತಿಟ್ಟವರು ಅದನ್ನು ಬಳಸುವ ಹೊತ್ತಿಗೆ ನಿವೃತ್ತರಾಗಿರಬಹುದು. 2010ರಲ್ಲಿ ನೆಲಮಾಳಿಗೆಯ ಮರೆತ ಮೂಲೆಯೊಂದನ್ನು ಚೊಕ್ಕಟ ಮಾಡುವಾಗ ಖಾಲಿ ಬಾಟಲಿಗಳ ಗೋಡೆಯ ಹಿಂದೆ 1830ರವರೆಗೆ ಹೋಗುವ ಹಳೆಯ ವೈನುಗಳು ಸಿಕ್ಕವು. ಸಂಸ್ಥೆ ಹುಟ್ಟಿದ ಮರುವರ್ಷದ ಬಾಟಲಿ ಅದರಲ್ಲಿತ್ತು.

ಈ ದಾಸ್ತಾನನ್ನು ಪಾಲು ಹಾಕಲು ಹೊರಟರೆ ಮಾರಿಯೇ ಪಾಲು ಹಾಕಬೇಕು, ಮಾರಿದ ದಿನ ಬೊಲಿಂಜರ್ ಎಂಬುದು ಮುಗಿಯಿತು. ಕುಟುಂಬದವರೆಲ್ಲರಿಗೂ ಇದು ಗೊತ್ತಿದೆ. ಆದ್ದರಿಂದಲೇ ಅವರು ಹಂಚಿಕೊಂಡದ್ದು ಷೇರುಗಳನ್ನು. ವಾರಸುದಾರರಿಗೆ ಕಂಪನಿಯಲ್ಲಿ ಭಾಗ, ವರ್ಷದ ಲಾಭಾಂಶ. ನೆಲದ ಗಡಿಕಲ್ಲು ಕದಲುವುದಿಲ್ಲ.

ಷೇರು ಮಾಡಿದರೆ ಸಾಕೇ ಎಂದರೆ, ಸಾಲದು. ತೇತಾಂಜೆ ಕುಟುಂಬವನ್ನು ನೋಡಿ. 1932ರಿಂದ ಕಟ್ಟಿದ ಶಾಂಪೇನ್ ಮನೆ, ಜೊತೆಗೆ ಹೋಟೆಲುಗಳು, ಬಕ್ಕಾರಾ ಗಾಜಿನ ಕಂಪನಿ. ಷೇರು ಹತ್ತಾರು ದಾಯಾದಿಗಳಲ್ಲಿ ಹರಡಿಹೋಗಿತ್ತು. ಹಲವರಿಗೆ ತೋಟದ ಮುಖವೇ ಗೊತ್ತಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. 2005ರಲ್ಲಿ ಇಡೀ ಸಮೂಹವನ್ನು ಅಮೆರಿಕದ ಸ್ಟಾರ್‌ವುಡ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿದರು. ಮರುವರ್ಷವೇ ಅದೇ ಕುಟುಂಬದ ಪಿಯೆರ್ ಇಮ್ಯಾನುಯೆಲ್ ತೇತಾಂಜೆ ಕ್ರೆಡಿ ಅಗ್ರಿಕೋಲ್ ಬ್ಯಾಂಕಿನ ನೆರವಿನಿಂದ ಸುಮಾರು 66 ಕೋಟಿ ಯುರೊ ಕೊಟ್ಟು ಶಾಂಪೇನ್ ಭಾಗವನ್ನು ಮರಳಿ ಕೊಂಡರು. ಸ್ವಂತ ಅಜ್ಜನ ಮನೆಯನ್ನು ಸಾಲ ಮಾಡಿ ವಾಪಸ್ ಪಡೆಯಬೇಕಾಯಿತು. ಫ್ರೆಂಚ್ ಸರ್ಕಾರಕ್ಕೂ ಈ ಅಪಾಯ ಗೊತ್ತು. 2003ರ ದ್ಯುತ್ರೇ ಕಾನೂನಿನಡಿ, ಕುಟುಂಬದ ಕಂಪನಿಯ ಷೇರನ್ನು ಕೆಲವು ವರ್ಷ ಮಾರುವುದಿಲ್ಲವೆಂದು ವಾರಸುದಾರರು ಒಟ್ಟಾಗಿ ಬರೆದುಕೊಟ್ಟರೆ, ಉತ್ತರಾಧಿಕಾರ ತೆರಿಗೆಯ ಲೆಕ್ಕದಲ್ಲಿ ಅದರ ಮೌಲ್ಯದ ಶೇ 75ರಷ್ಟನ್ನು ಬಿಟ್ಟುಬಿಡುತ್ತಾರೆ. ಒಳ್ಳೆಯ ತೋಟ ಹೆಕ್ಟೇರಿಗೆ ಹತ್ತು ಲಕ್ಷ ಯುರೊ ದಾಟುವ ಸೀಮೆಯಲ್ಲಿ ಅದಿಲ್ಲದೆ ಎಷ್ಟೋ ಮನೆಗಳು ತೆರಿಗೆಗಾಗಿಯೇ ತೋಟ ಮಾರಬೇಕಾಗುತ್ತಿತ್ತು.

ನಿಮ್ಮ ತೋಟದ ವಿಷಯದಲ್ಲಿ ತೀರ್ಪು ಕೊಡುವಷ್ಟು ನಿಮ್ಮ ಮನೆಯನ್ನು ನಾನು ಬಲ್ಲವನಲ್ಲ. ನಮ್ಮಲ್ಲೂ ಕಾಫಿ ತೋಟಗಳನ್ನು ಪಾಲುದಾರಿಕೆ ಸಂಸ್ಥೆಯಾಗಿ, ಖಾಸಗಿ ಕಂಪನಿಯಾಗಿ ನಡೆಸುವವರಿದ್ದಾರೆ. ಯಾವುದು ನಿಮಗೆ ಸರಿ ಎಂಬುದನ್ನು ವಕೀಲರು, ಲೆಕ್ಕಪರಿಶೋಧಕರು ಕಾಗದಪತ್ರ ನೋಡಿ ಹೇಳಬೇಕು. ಆದರೆ ಅವರ ಹತ್ತಿರ ಹೋಗುವ ಮುಂಚೆ ಒಂಬತ್ತು ಜನವೂ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ತೋಟ ನಡೆಸುವವರು ಯಾರು, ಅವರಿಗೆ ಲಾಭದ ಪಾಲಲ್ಲದೆ ಸಂಬಳ ಎಷ್ಟು? ಅಕ್ಕತಂಗಿಯರ ಮಕ್ಕಳಲ್ಲಿ ಕೆಲಸದ ಆಸಕ್ತಿ ಇದ್ದರೆ ಅವರನ್ನು ಈಗಲೇ ತೋಟಕ್ಕೆ ಕರೆತಂದು ಪಳಗಿಸುತ್ತೀರಾ? ನಿಮ್ಮಲ್ಲೊಬ್ಬರು ಬೆಂಗಳೂರಿನಲ್ಲಿ ಮನೆ ಕಟ್ಟಲು ನಾಳೆ ಹಣ ಬೇಕು ಎಂದರೆ, ಅವರ ಭಾಗವನ್ನು ಉಳಿದವರು ಯಾವ ಲೆಕ್ಕದಲ್ಲಿ ಬೆಲೆ ಕಟ್ಟಿ, ಎಷ್ಟು ಕಂತುಗಳಲ್ಲಿ ಕೊಳ್ಳುತ್ತೀರಿ? ತೇತಾಂಜೆ ಕುಟುಂಬ ಮೊದಲೇ ಬರೆದಿಡದೆ ಹೋದದ್ದು ಈ ಮೂರನೆಯದನ್ನು ಎಂದು ನನಗನ್ನಿಸುತ್ತದೆ. ನೀವು ಅಲ್ಲಿಂದಲೇ ಮಾತು ಶುರು ಮಾಡಿ.